ಎರಡು ನೋಡ್‌ಗಳ ಬ್ರೋಕರ್ ಕ್ಲಸ್ಟರ್ ಒಂದು ಕೆಟ್ಟಾಗ ಪೂರ್ತಿ ನಿಲ್ಲುವುದೇಕೆ?

ಸಂದೇಶಗಳನ್ನು ಪಡೆದು ತಲುಪಿಸುವ ಬ್ರೋಕರ್ ಕ್ಲಸ್ಟರ್‌ನ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿನ) ಎರಡು ನೋಡ್‌ಗಳಲ್ಲಿ, ಅಂದರೆ ಸರ್ವರ್‌ಗಳಲ್ಲಿ, ಒಂದು ಕೆಟ್ಟರೆ, ಸುಸ್ಥಿತಿಯಲ್ಲಿರುವ ಇನ್ನೊಂದೂ ಸಂದೇಶಗಳನ್ನು ಸ್ವೀಕರಿಸದಿರುವುದೇಕೆ ಎಂದು ಕೇಳಿದ್ದೀರಿ. ರ‍್ಯಾಬಿಟ್‌ಎಂಕ್ಯೂ ಎಂಬ ಬ್ರೋಕರ್‌ನ ಕ್ವೋರಮ್ ಕ್ಯೂಗಳು (ಹಲವು ನೋಡ್‌ಗಳಲ್ಲಿ ಪ್ರತಿಯಿರುವ ಸಂದೇಶ ಸಾಲುಗಳು) ಬಳಸುವ, ನೋಡ್‌ಗಳು ಒಮ್ಮತಕ್ಕೆ ಬರುವ ರಾಫ್ಟ್ ವಿಧಾನದಲ್ಲಿ ಪ್ರತಿ ಬರಹಕ್ಕೂ ಅರ್ಧಕ್ಕಿಂತ ಹೆಚ್ಚು ನೋಡ್‌ಗಳ ಒಪ್ಪಿಗೆ ಬೇಕು, ಮತ್ತು ಎರಡರಲ್ಲಿ ಬಹುಮತವೆಂದರೆ ಎರಡೂ. ಉಳಿದ ನೋಡ್‌ಗೆ ತನ್ನ ಜೊತೆಗಾರ ನಿಜವಾಗಿಯೂ ಕೆಟ್ಟಿದೆಯೋ ಅಥವಾ ನಡುವಿನ ನೆಟ್‌ವರ್ಕ್ ಮಾತ್ರ ಕಡಿದಿದೆಯೋ ಎಂದು ತಿಳಿಯುವ ದಾರಿಯಿಲ್ಲ. ಎರಡೂ ತಮ್ಮನ್ನೇ ಬರಹಗಳನ್ನು ಮುನ್ನಡೆಸುವ ನಾಯಕನೆಂದು ಭಾವಿಸಿ ಬರೆಯತೊಡಗಿದರೆ ಒಂದೇ ಕ್ಯೂಗೆ ಪರಸ್ಪರ ಹೊಂದದ ಎರಡು ಇತಿಹಾಸಗಳು ಹುಟ್ಟುತ್ತವೆ. ಸಂದೇಶ ಕಳೆದುಕೊಳ್ಳುವುದಕ್ಕಿಂತ ಸ್ವಲ್ಪ ಹೊತ್ತು ನಿಲ್ಲುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಆದ್ದರಿಂದ ಕನಿಷ್ಠ 3 ನೋಡ್‌ಗಳನ್ನು ಇಡಿ. ಮೂರಿದ್ದರೆ ಒಂದರ ನಷ್ಟವನ್ನೂ ಐದಿದ್ದರೆ ಎರಡರ ನಷ್ಟವನ್ನೂ ಕ್ಲಸ್ಟರ್ ತಾಳಿಕೊಳ್ಳುತ್ತದೆ, ಆದರೆ ನಾಲ್ಕಿದ್ದರೂ ತಾಳುವುದು ಒಂದನ್ನೇ. ಕಾಫ್ಕಾ ಎಂಬ ಇನ್ನೊಂದು ಬ್ರೋಕರ್‌ನಲ್ಲಿ ಲೆಕ್ಕ ಬೇರೆ: ಅಲ್ಲಿ ಮೆಟಾಡೇಟಾ (ಕ್ಲಸ್ಟರ್‌ನ ಕುರಿತ ಮಾಹಿತಿ) ಮಾತ್ರ ಕೆರಾಫ್ಟ್‌ನ (ಕಾಫ್ಕಾದ ರಾಫ್ಟ್ ರೂಪದ) ಬಹುಮತದಿಂದ ನಡೆಯುತ್ತದೆ, ಸಂದೇಶಗಳ ಸುರಕ್ಷತೆಯು ನಾಯಕನೊಂದಿಗೆ ಸಮಗತಿಯಲ್ಲಿರುವ ಪ್ರತಿಗಳನ್ನು ಅವಲಂಬಿಸಿದೆ. ಅಲ್ಲಿ 3 ಪ್ರತಿಗಳನ್ನು ಇಟ್ಟು, ಕನಿಷ್ಠ ಸಮಗತಿ ಪ್ರತಿಗಳ ಮಿತಿಯನ್ನು 2 ಎಂದು ನಿಗದಿಪಡಿಸಿ, ಕಳುಹಿಸುವವರು ಎಲ್ಲ ಸಮಗತಿ ಪ್ರತಿಗಳ ದೃಢೀಕರಣಕ್ಕೆ ಕಾಯುವಂತೆ ಮಾಡಿ.

ಅಪ್‌ಗ್ರೇಡ್ ಮಾಡುವಾಗ ನೋಡ್‌ಗಳನ್ನು ಒಂದೊಂದಾಗಿಯೇ ನಿಲ್ಲಿಸಿ, ಮರಳಿದ ನೋಡ್ ಉಳಿದವುಗಳನ್ನು ಸರಿಗಟ್ಟಿದ ನಂತರವೇ ಮುಂದಿನದಕ್ಕೆ ಕೈಹಾಕಿ.