ವಿಡಿಯೋ ಕಾಲಿಗೆ ಫಸ್ಟ್ ಪ್ರಯಾರಿಟಿ ಕೊಟ್ಟರೂ ಕಾಲ್ ಯಾಕೆ ತುಂಡಾಗುತ್ತದೆ?

100 ಎಂಬಿಪಿಎಸ್ ಲೈನು, ಆಫೀಸಿನಲ್ಲಿ 30 ಜನ, ರೌಟರಿನ ಕ್ಯೂಒಎಸ್‌ನಲ್ಲಿ (ಯಾವ ಟ್ರಾಫಿಕ್ ಮೊದಲು ಹೋಗಬೇಕು ಅಂತ ಹೇಳುವ ಸೆಟ್ಟಿಂಗ್) ವಿಡಿಯೋ ಕಾಲಿಗೆ ಎಲ್ಲಕ್ಕಿಂತ ಮೇಲಿನ ಪ್ರಯಾರಿಟಿ. ಆದರೂ ಮಧ್ಯಾಹ್ನ ಆದರೆ ಕಾಲ್ ತುಂಡು ತುಂಡು. 200ರ ಪ್ಲಾನ್ ಹಾಕಿಸಲಾ, ಇಲ್ಲ ಯಾವ ಕ್ಲಾಸಿಗೆ (ಅಂದರೆ ಟ್ರಾಫಿಕ್ ಗುಂಪಿಗೆ) ಎಷ್ಟು ಪರ್ಸೆಂಟ್ ಅಂತ ಬದಲಿಸಲಾ ಅಂತ ಕೇಳಿದ್ದೀರಿ. ಎರಡನ್ನೂ ಸದ್ಯಕ್ಕೆ ಬಿಡ್ರಿ. ನಿಮ್ಮ ಪ್ರಶ್ನೆ ಓದಿ ನನಗೆ ನನ್ನದೇ ಗಾಜಿನ ಕ್ಯಾಬಿನ್ ನೆನಪಾಯಿತು.

ಕಲಬುರಗಿಯಲ್ಲಿ ನನ್ನದೊಂದು ರೀಡಿಂಗ್ ರೂಮ್ ಇದೆ. ಕೆಳಗೆ ಅರ್ಜಿ ತುಂಬಿಕೊಡುವ ಆನ್‌ಲೈನ್ ಸೆಂಟರ್, ಮೇಲೆ 45 ಸೀಟಿನ ಹಾಲ್. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರು. ಅಫಜಲಪುರ, ಚಿಂಚೋಳಿ, ಶಹಾಪುರ, ಸುರಪುರ ಕಡೆಯವರೇ ಹೆಚ್ಚು. ತಿಂಗಳ ಫೀಸಿನಲ್ಲೇ ಕೂಲರ್, ಫಿಲ್ಟರ್ ನೀರು, ವೈಫೈ ಎಲ್ಲ ಬಂತು. ಹಾಲಿನ ಮೂಲೆಯಲ್ಲಿ ಒಂದು ಗಾಜಿನ ಕ್ಯಾಬಿನ್ ಕಟ್ಟಿಸಿ, ಆನ್‌ಲೈನ್ ಇಂಟರ್‌ವ್ಯೂ ಇದ್ದವರಿಗೆ ತಾಸಿಗೆ 100 ರೂಪಾಯಿ ಅಂತ ಇಟ್ಟಿದ್ದೆ. ವೈಫೈ ನಂಬಿಕೆ ಇಲ್ಲ ಅಂತ ಅಲ್ಲಿಗೆ ಬೇರೆ ಕೇಬಲ್ಲೇ ಎಳೆದಿದ್ದೆ. ಇಡೀ ಕಟ್ಟಡಕ್ಕೆ 50ರ ಫೈಬರ್ ಲೈನು, ಒಂದು ಮೈಕ್ರೋಟಿಕ್ ರೌಟರ್.

ಎರಡು ರಾತ್ರಿ ಕೂತು ಸಿಂಪಲ್ ಕ್ಯೂ ಹಾಕಿದೆ, ಅಂದರೆ ಯಾರಿಗೆ ಎಷ್ಟು ವೇಗ, ಯಾರು ಮೊದಲು ಅನ್ನುವ ನಿಯಮ. ಮೇಲೆ ಎಲ್ಲರಿಗೂ ಸೇರಿ ಒಂದು ಪೇರೆಂಟ್ ಕ್ಯೂ, ಅದರ ಮ್ಯಾಕ್ಸ್-ಲಿಮಿಟ್ (ಗರಿಷ್ಠ ವೇಗ) ಅಪ್‌ಲೋಡಿಗೂ ಡೌನ್‌ಲೋಡಿಗೂ 50/50. ಅದರ ಕೆಳಗೆ ಕ್ಯಾಬಿನ್ನಿಗೆ ಪ್ರಯಾರಿಟಿ 1, ಹಾಲ್ ಮತ್ತು ಸೆಂಟರಿಗೆ ಪ್ರಯಾರಿಟಿ 8. ಮೈಕ್ರೋಟಿಕ್‌ನಲ್ಲಿ 1 ಅಂದರೆ ಎಲ್ಲರಿಗಿಂತ ಮುಂದೆ. ಸಿಂಪಲ್ ಕ್ಯೂ ದಾಟಿಸಿ ಓಡಿಸುವ ಆ ಫಾಸ್ಟ್‌ಟ್ರ್ಯಾಕ್ ನಿಯಮವನ್ನೂ ಹುಡುಕಿ ಬಂದ್ ಮಾಡಿದ್ದೆ, ಅಷ್ಟು ಜಾಣ ನಾನು. ಕ್ಯಾಬಿನ್ ಬಾಗಿಲಿಗೆ ‘ಇಂಟರ್‌ವ್ಯೂಗೆ ವಿಶೇಷ ಲೈನ್’ ಅಂತ ಬೋರ್ಡ್ ಬೇರೆ ಅಂಟಿಸಿದೆ.

ಶರಣಬಸವೇಶ್ವರ ತೇರಿನ ಮರುದಿನ. ಯಾದಗಿರಿ ಕಡೆಯ ಒಬ್ಬ ಹುಡುಗಿ ಬೆಳಗಿನ ರೈಲಿಗೆ ಬಂದಿದ್ದಳು. ಮೂರು ಗಂಟೆಗೆ ಒಂದು ಖಾಸಗಿ ಕಂಪನಿಯ ಎರಡನೇ ರೌಂಡ್ ಇಂಟರ್‌ವ್ಯೂ. ಕೂರುವ ಮೊದಲು ಎರಡು ಸಲ ಕೇಳಿದಳು, "ಅಣ್ಣಾ, ನೆಟ್ ಬರಾಬರಿ ಬರ್ತದಲಾ?" ನಾನು ಬೋರ್ಡ್ ತೋರಿಸಿ, "ತಂಗಿ, ಇಡೀ ಬಿಲ್ಡಿಂಗಿನ್ಯಾಗ ಮೊದಲ ನಂಬರ್ ನಿಂದ. ಚಿಂತಿ ಮಾಡಬ್ಯಾಡ" ಅಂದೆ.

ಹಾಲ್ ತುಂಬಿತ್ತು. ಬಿಸಿಲಿಗೆ ಎಲ್ಲರೂ ಕೂಲರ್ ಕೆಳಗೆ. ಎಲ್ಲರ ಫೋನಿನಲ್ಲೂ ಹಿಂದಿನ ಸಂಜೆಯ ತೇರಿನ ವಿಡಿಯೋ. ವೈಫೈ ಸಿಕ್ಕ ಕೂಡಲೇ ಫೋನು ತಾನಾಗಿ ಮಾಡುವ ಕೆಲಸ ನಿಮಗೆ ಗೊತ್ತು: ಫೋಟೋ ಬ್ಯಾಕಪ್. ಒಬ್ಬ ಹುಡುಗನ ಫೋನಿನಲ್ಲೇ 6 ಜಿಬಿ ಇತ್ತು ಅಂತ ಆಮೇಲೆ ಗೊತ್ತಾಯಿತು. 20 ಎಂಬಿಪಿಎಸ್ ಪೂರ್ತಿ ಅವನೊಬ್ಬನಿಗೇ ಬಿಟ್ಟುಕೊಟ್ಟರೂ ಅದು 40 ನಿಮಿಷದ ಅಪ್‌ಲೋಡ್.

ಗಾಜಿನಾಚೆಯಿಂದ ನೋಡುತ್ತಿದ್ದೆ. ಹುಡುಗಿ ಮಾತಾಡುತ್ತಿದ್ದಾಳೆ, ನಿಲ್ಲಿಸುತ್ತಾಳೆ, ಮತ್ತೆ ಅದನ್ನೇ ಹೇಳುತ್ತಾಳೆ. ಕಂಪನಿಯವರ ಮಾತು ಆಕೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. "ನಿಮ್ಮ ಧ್ವನಿ ಬರ್ತಿಲ್ಲ" ಅಂತ ಅವರು ಹೇಳಿದ್ದೂ ಸ್ಪಷ್ಟವಾಗಿಯೇ ಕೇಳಿತಂತೆ. ನಾನು ಕೆಳಗೆ ಓಡಿ ವಿನ್‌ಬಾಕ್ಸ್ (ಮೈಕ್ರೋಟಿಕ್ ರೌಟರಿನ ಸೆಟ್ಟಿಂಗ್ ನೋಡುವ ಸಾಫ್ಟ್‌ವೇರ್) ತೆರೆದೆ. ಕ್ಯೂ ಪಟ್ಟಿಯಲ್ಲಿ ಎಲ್ಲ ಐಕಾನ್ ಹಸಿರು. ನಂಬದೆ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಹಚ್ಚಿದೆ (ತುಂಬಿದ ಲೈನಿನ ಮೇಲೆ ಇನ್ನಷ್ಟು ಹೇರಿದೆ ಅಂತ ಆಗ ಹೊಳೆಯಲೇ ಇಲ್ಲ). ಡೌನ್‌ಲೋಡ್ 46 ಬಂತು, ಅಷ್ಟಕ್ಕೇ ಬಂದ್ ಮಾಡಿದೆ. ಮೇಲೆ ಹೋಗಿ "ನಮ್ಮ ಕಡಿ ಬರಾಬರಿ ಅದ, ಅವರ ಕಡಿನೇ ಏನೋ ಆಗ್ಯದ" ಅಂದೆ. ಅಷ್ಟರಲ್ಲಿ ಅವರು ಕಾಲ್ ಮುಗಿಸಿದ್ದರು. 100 ರೂಪಾಯಿ ವಾಪಸ್ ಕೊಡಲು ಹೋದೆ, ಹುಡುಗಿ ತಗೊಳ್ಳಲಿಲ್ಲ. ಮತ್ತೆ ಕರೆಯಲೂ ಇಲ್ಲವಂತೆ ಅವರು.

ಈಗ ಆ ತಪ್ಪು. ಮ್ಯಾಕ್ಸ್-ಲಿಮಿಟ್ ಜಾಗದಲ್ಲಿ ನಾನು 50 ಅಂತ ಬರೆದೆ. ಬಿಲ್ಲಿನಲ್ಲಿ 50 ಅಂತಿತ್ತು, ಬರೆದೆ. ಅಪ್‌ಲೋಡ್ ಖರೇ ಹೋಗುತ್ತಿದ್ದದ್ದು 20. ಆ ಒಂದು ಅಂಕಿಯಿಂದ ನನ್ನ ಎರಡು ರಾತ್ರಿಯ ಕೆಲಸವೆಲ್ಲ ಶೋಕಿಗೆ ಇಟ್ಟ ಬೋರ್ಡಾಯಿತು.

ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕಂದರೆ ನೀವೂ 100 ಅಂತಲೇ ಬರೆದಿರುತ್ತೀರಿ. ಪ್ರಯಾರಿಟಿ ಅನ್ನೋದು ಪಾಳಿಯಲ್ಲಿ ನಿಂತವರ ಪೈಕಿ ಯಾರನ್ನು ಮೊದಲು ಬಿಡಬೇಕು ಅನ್ನುವ ತೀರ್ಮಾನ. ಪಾಳಿ ಇದ್ದರೆ ಮಾತ್ರ ಅದಕ್ಕೆ ಕೆಲಸ. ನನ್ನ ರೌಟರಿಗೆ ನಾನು 50 ಹೋಗುತ್ತದೆ ಅಂತ ಹೇಳಿದ್ದೆ. ಹೊರಗೆ ಹೋಗುತ್ತಿದ್ದದ್ದು 20. 20 ಅಂದರೆ 50ಕ್ಕೆ 40 ಪರ್ಸೆಂಟ್. ರೌಟರಿನ ಲೆಕ್ಕದಲ್ಲಿ ರಸ್ತೆ ಅರ್ಧಕ್ಕಿಂತ ಹೆಚ್ಚು ಖಾಲಿ, ಹಾಗಾಗಿ ಬಂದ ಪ್ಯಾಕೆಟ್ಟನ್ನು (ಡೇಟಾದ ಸಣ್ಣ ತುಂಡನ್ನು) ಬಂದ ಹಾಗೇ ದಾಟಿಸುತ್ತಿತ್ತು. ಯಾರೂ ಕಾಯುತ್ತಿಲ್ಲ ಅಂದ ಮೇಲೆ ಯಾರಿಗೆ ಮೊದಲು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಐಕಾನ್ ಹಸಿರು ಇದ್ದದ್ದೂ ಅದಕ್ಕೇ: ಅಲ್ಲಿ ಮಿತಿಯ 50 ಪರ್ಸೆಂಟ್‌ವರೆಗೆ ಹಸಿರು, 75ರವರೆಗೆ ಹಳದಿ, ಅದರಾಚೆ ಕೆಂಪು. ನಾನು ಆ ಹಸಿರನ್ನು ‘ಎಲ್ಲ ಸರಿ ಇದೆ’ ಅಂತ ಓದಿಕೊಂಡೆ. ‘ನನಗಿಲ್ಲಿ ಕೆಲಸವೇ ಇಲ್ಲ’ ಅಂತ ಅದು ಹೇಳುತ್ತಿತ್ತು.

ಪಾಳಿ ಎಲ್ಲಿ ನಿಂತಿತ್ತು? ರೌಟರಿನ ಮುಂದಿನ ಫೈಬರ್ ಡಬ್ಬಿಯಲ್ಲಿ. ವೇಗದ ದಾರಿ ನಿಧಾನದ ದಾರಿಗೆ ಕೂಡುವ ಜಾಗದಲ್ಲೇ ಪಾಳಿ ಕಟ್ಟುತ್ತದೆ. ಆ ಡಬ್ಬಿಗೆ ನನ್ನ ಪ್ರಯಾರಿಟಿ ಗೊತ್ತಿಲ್ಲ, ಮೊದಲು ಬಂದವ ಮೊದಲು ಹೋಗು ಅಷ್ಟೇ. ಅದರಲ್ಲಿ 2 ಎಂಬಿ ಕಾಯುವ ಜಾಗ ಇದೆ ಅಂತ ಇಟ್ಟುಕೊಳ್ಳಿ. 2 ಎಂಬಿ ಅಂದರೆ 16 ಮೆಗಾಬಿಟ್. 20 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 0.8 ಸೆಕೆಂಡ್. ಹುಡುಗಿಯ ಒಂದೊಂದು ಶಬ್ದವೂ ಅಷ್ಟು ತೇರಿನ ವಿಡಿಯೋದ ಹಿಂದೆ ನಿಂತು ಹೋಗಬೇಕು, ಇಲ್ಲ ಜಾಗ ತುಂಬಿ ಬಿದ್ದೇ ಹೋಗಬೇಕು. ಮಾತಿಗೆ ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿರಬೇಕು ಅಂತ ಟೆಲಿಫೋನ್ ಲೋಕದ ಹಳೆಯ ಲೆಕ್ಕ. ಧ್ವನಿಗೆ ಬೇಕಾದ ಜಾಗ ಸುಮಾರು 100 ಕೆಬಿಪಿಎಸ್ ಮಾತ್ರ. ಜಾಗಕ್ಕೆ ಬರ ಇರಲಿಲ್ಲರೀ, ಪಾಳಿ ತಪ್ಪು ಜಾಗದಲ್ಲಿತ್ತು.

ನಾಚಿಕೆ ಏನಂದರೆ, ಪಿಯುಸಿ ರಜೆಯಲ್ಲಿ ಗಂಜಿನ (ಧಾನ್ಯದ ಮಾರುಕಟ್ಟೆಯ) ಕಾಟಾದಲ್ಲಿ, ಅಂದರೆ ಗಾಡಿ ತೂಗುವ ಜಾಗದಲ್ಲಿ, ಚೀಟಿ ಬರೆದವನು ನಾನು. ತೊಗರಿ ಸುಗ್ಗಿಯಲ್ಲಿ ಗೇಟಿನವನು ಬಂದ ಟ್ರ್ಯಾಕ್ಟರೆಲ್ಲ ಒಳಗೆ ಬಿಟ್ಟರೆ ಕಾಟಾದ ಮುಂದೆ ಮೂವತ್ತು ಗಾಡಿ ನಿಲ್ಲುತ್ತವೆ. ಆಮೇಲೆ ಅಡತಿಯವರ ಅರ್ಜೆಂಟ್ ಗಾಡಿಯನ್ನು ಗೇಟಿನಲ್ಲಿ ಎಷ್ಟೇ ಮುಂದೆ ಬಿಟ್ಟರೂ ಅದು ಹೋಗಿ ಮೂವತ್ತೊಂದನೆಯದಾಗಿ ನಿಲ್ಲಬೇಕು. ಅದಕ್ಕೇ ಕಾಟಾದವರು ಗೇಟಿಗೆ ಕೂಗಿ ಹೇಳುತ್ತಿದ್ದರು: "ಒಂದ್ ಗಾಡಿ ಇಳದ್ರ ಒಂದೇ ಗಾಡಿ ಬಿಡು!" ಆಗ ಪಾಳಿ ಗೇಟಿನ ಹೊರಗೆ ನಿಲ್ಲುತ್ತದೆ, ಗೇಟಿನವನ ಮಾತು ನಡೆಯುತ್ತದೆ. ಇಷ್ಟು ಗೊತ್ತಿದ್ದವನು ಪೇರೆಂಟಿಗೆ 50 ಬರೆದೆ.

ಸರಿಮಾಡಲು ಹಿಡಿದದ್ದು ಐದು ನಿಮಿಷ. ಹಾಲಿನಲ್ಲಿ ಜನ ಇಲ್ಲದ ಹೊತ್ತಿನಲ್ಲಿ ಒಂದು ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೈಲ್ ಅಪ್‌ಲೋಡ್ ಹಚ್ಚಿ, ಇನ್ನೊಂದರಲ್ಲಿ ಪಿಂಗ್ (ಪ್ಯಾಕೆಟ್ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆಯುವುದು) ಬಿಟ್ಟೆ. 14 ಮಿಲಿಸೆಕೆಂಡ್ ಇದ್ದದ್ದು 800 ದಾಟಿತು. ಅಪ್‌ಲೋಡಿನ ಮಿತಿ 18ಕ್ಕೆ ಇಳಿಸಿದೆ, ಅಂದರೆ ಅಳೆದು ಸಿಕ್ಕ 20ರ 90 ಪರ್ಸೆಂಟ್. ಐಕಾನ್ ಕೆಂಪಾಯಿತು, ಕ್ಯಾಬಿನ್ನಿನ ಪಿಂಗ್ 25ರ ಆಸುಪಾಸಿಗೆ ಬಂತು. ಆವತ್ತಿನಿಂದ ಆ ಕೆಂಪು ಕಂಡರೆ ನನಗೆ ಸಮಾಧಾನ.

ಇನ್ನು ನಿಮ್ಮ ಪರ್ಸೆಂಟ್ ವಿಷಯ. ಮೈಕ್ರೋಟಿಕ್‌ನಲ್ಲಿ, ಲಿನಕ್ಸ್ ಹಾಕಿದ ಭಾಳಷ್ಟು ರೌಟರ್‌ಗಳಲ್ಲಿ ಹಂಚಿಕೆ ಮಾಡೋದು ಎಚ್‌ಟಿಬಿ ಅನ್ನುವ ಪದ್ಧತಿ. ಪ್ರತಿ ಕ್ಲಾಸಿಗೂ ಒಂದು ಟೋಕನ್ ಬುಟ್ಟಿ, ಟೋಕನ್ ಅಂದರೆ ಇಷ್ಟು ಕಳಿಸಬಹುದು ಅನ್ನುವ ಚೀಟಿ. ಲಿಮಿಟ್-ಅಟ್ (ಆ ಕ್ಲಾಸಿಗೆ ಖಾತ್ರಿ ಕೊಟ್ಟ ವೇಗ) ಎಷ್ಟು ಬರೆದಿದ್ದೀರೋ ಆ ವೇಗದಲ್ಲಿ ಟೋಕನ್ ಬೀಳುತ್ತಾ ಇರುತ್ತದೆ. ಟೋಕನ್ ಇದ್ದ ಕ್ಲಾಸಿನ ಪ್ಯಾಕೆಟ್ ಯಾರನ್ನೂ ಕೇಳದೆ ಹೋಗುತ್ತದೆ, ಪೇರೆಂಟನ್ನೂ ಕೇಳುವುದಿಲ್ಲ. ತನ್ನದು ಮುಗಿದರೆ ಪೇರೆಂಟಿನಲ್ಲಿ ಉಳಿದದ್ದನ್ನು ಸಾಲ ಕೇಳುತ್ತದೆ, ತನ್ನ ಮ್ಯಾಕ್ಸ್-ಲಿಮಿಟ್ ಮುಟ್ಟುವವರೆಗೆ. ಪ್ರಯಾರಿಟಿ ನಂಬರ್ ಬರುವುದು ಈ ಸಾಲದ ಹಂತದಲ್ಲಿ. ಅಂದರೆ ಯಾರೂ ಬಳಸದ ಪಾಲು ವ್ಯರ್ಥವಾಗಿ ಕೂರುವುದಿಲ್ಲ, ಕ್ಯಾಬಿನ್ ಖಾಲಿ ಇದ್ದಾಗ 18 ಪೂರ್ತಿ ಹಾಲಿಗೇ ಹೋಗುತ್ತದೆ. ಯಾರನ್ನೂ ಕೇಳದೆ ಹೋಗುತ್ತದೆ ಅಂದೆನಲ್ಲ, ಅಲ್ಲಿ ಒಂದು ಗುಂಡಿ ಇದೆ: ಎಲ್ಲ ಕ್ಲಾಸಿನ ಲಿಮಿಟ್-ಅಟ್ ಕೂಡಿದರೆ ಪೇರೆಂಟಿನ ಮಿತಿ ದಾಟಬಾರದು. ದಾಟಿದರೆ ಒಟ್ಟು ಹೊರಹೋಗುವುದು ಮಿತಿ ಮೀರಿ, ಪಾಳಿ ಮತ್ತೆ ಆ ಡಬ್ಬಿಗೇ ಹೋಗಿ ಕೂರುತ್ತದೆ.

ನನ್ನಲ್ಲಿ ಈಗ ಎರಡೇ ಕ್ಲಾಸ್. ಕ್ಯಾಬಿನ್ನಿಗೆ ಅಪ್‌ಲೋಡ್ ಲಿಮಿಟ್-ಅಟ್ 4, ಉಳಿದವರಿಗೆಲ್ಲ ಸೇರಿ 14. ಕೂಡಿದರೆ 18. ನೀವು ಬರೆದಿರುವ ಹಾಗೆ ಕಾಲಿಗೊಂದು, ಬ್ರೌಸಿಂಗಿಗೊಂದು, ಯೂಟ್ಯೂಬಿಗೊಂದು, ವಾಟ್ಸಾಪಿಗೊಂದು ಅಂತ ಏಳು ಕ್ಲಾಸ್ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಈಗಿನ ಟ್ರಾಫಿಕ್ ಬಹುತೇಕ ಎನ್‌ಕ್ರಿಪ್ಟ್ ಆಗಿ 443ನೇ ಪೋರ್ಟಿನಲ್ಲೇ ಹೋಗುತ್ತದೆ, ಯಾವುದು ಪಾಠ ಯಾವುದು ಸಿನಿಮಾ ಅಂತ ರೌಟರ್ ಎಲ್ಲಿಂದ ತಿಳಿಯಬೇಕು? ಒಂದು ವಾರ ನಾನೂ ಪೋರ್ಟ್ ನಂಬರ್ ಹಿಡಿದು ಆಡಿದೆ. ಹುಡುಗರು ಬಂದು "ಸರ್, ನಂದೂ ಕ್ಲಾಸ್ ಅದ, ನಂದೂ ಹಾಕ್ರಿ" ಅಂತ ಬರೆಸಿ ಬರೆಸಿ ಅರ್ಧ ಹಾಲ್ ಪ್ರಯಾರಿಟಿ 1ರಲ್ಲಿ ಬಂದು ಕೂತಿತ್ತು.

ಉಳಿದವರ ಜಗಳ ಬಿಡಿಸಲು ಎಫ್‌ಕ್ಯೂ-ಕೋಡೆಲ್ ಇಲ್ಲ ಕೇಕ್ ಹಾಕ್ರಿ, ಎರಡೂ ಪಾಳಿಯನ್ನು ತಾವಾಗಿಯೇ ನಡೆಸುವ ಪದ್ಧತಿಗಳು. ಮೈಕ್ರೋಟಿಕ್‌ನ ಸಾಫ್ಟ್‌ವೇರ್ ರೌಟರ್‌ಒಎಸ್ 7ರ ಕ್ಯೂ ಟೈಪ್ ಪಟ್ಟಿಯಲ್ಲೇ ಎರಡೂ ಇವೆ. ರೌಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಲಿನಕ್ಸ್ ಸಾಫ್ಟ್‌ವೇರ್ ಇದ್ದರೆ ಇದೇ ಕೆಲಸಕ್ಕೆ ಎಸ್‌ಕ್ಯೂಎಂ ಪ್ಯಾಕೇಜ್. ಕೋಡೆಲ್ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೊಟ್ಟದ್ದು. ಪಾಳಿ ಎಷ್ಟು ಉದ್ದ ಅಂತ ಅದು ನೋಡುವುದಿಲ್ಲ, ಒಳಗೆ ಬಂದ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡ್ ಮೇಲೇರಿ 100 ಮಿಲಿಸೆಕೆಂಡ್ ಹಾಗೇ ಉಳಿದರೆ ಒಂದೊಂದೇ ಪ್ಯಾಕೆಟ್ ಬೀಳಿಸಲು ಶುರು. ಕಳಿಸುವವನು ಅರ್ಥಮಾಡಿಕೊಂಡು ನಿಧಾನಕ್ಕೆ ಬರುತ್ತಾನೆ. ಎಫ್‌ಕ್ಯೂ ಭಾಗ ಒಂದೊಂದು ಕನೆಕ್ಷನ್ನಿಗೂ ಬೇರೆ ಪಾಳಿ ಮಾಡಿ ಸರದಿ ಪ್ರಕಾರ ಬಿಡುತ್ತದೆ, ಆಗೊಮ್ಮೆ ಈಗೊಮ್ಮೆ ಸಣ್ಣ ಪ್ಯಾಕೆಟ್ ತರುವವರನ್ನು ತಾನಾಗಿಯೇ ಮುಂದೆ ಬಿಡುತ್ತದೆ. ಮಾತಿನ ಕಾಲಿಗೆ ಇಷ್ಟೇ ಸಾಕು, ನೀವು ಏನೂ ಬರೆಯಬೇಕಿಲ್ಲ. ಹಾಗಾದರೆ ಕ್ಯಾಬಿನ್ನಿಗೆ 4 ಯಾಕೆ? 18 ಅನ್ನು 45 ಜನಕ್ಕೆ ಸಮ ಹಂಚಿದರೆ ತಲೆಗೆ 0.4 ಬರುತ್ತದೆ, ಮುಖ ತೋರಿಸುವ ವಿಡಿಯೋ ಕಾಲ್ ಒಂದೂವರೆ ಎರಡು ಎಂಬಿಪಿಎಸ್ ಬೇಡುತ್ತದೆ. ಸಮಪಾಲಿನಲ್ಲಿ ಅದು ಸೋಲುತ್ತದೆ, ಅದಕ್ಕೆ.

ಡೌನ್‌ಲೋಡ್ ಕಡೆ ಪಾಳಿ ಲೈನ್ ಕೊಟ್ಟವರ ಹತ್ತಿರ ಇರುತ್ತದೆ, ನಮ್ಮ ಹಿಡಿತ ಪರೋಕ್ಷ. ದಾಟಿ ಬಂದ ಪ್ಯಾಕೆಟ್ಟನ್ನು ಬಾಗಿಲಲ್ಲಿ ತಡೆದಾಗ ಕಳಿಸುವ ಸರ್ವರ್ ನಿಧಾನವಾಗಲಿ ಅಂತ ಕಾಯಬೇಕು. ಅದಕ್ಕೇ ಅಲ್ಲಿ ಮಿತಿಯನ್ನು ಇನ್ನೂ ಸ್ವಲ್ಪ ಹೆಚ್ಚೇ ಇಳಿಸಬೇಕು: ನನಗೆ 46 ಸಿಗುತ್ತಿತ್ತು, 40 ಬರೆದಿದ್ದೇನೆ.

200ರ ಪ್ಲಾನ್? ನಿಮ್ಮ ಹಾಗೆ ಕಾಲ್ ತುಂಡಾಗುವುದಕ್ಕೆ ಅದು ಮದ್ದಲ್ಲ. ಬ್ಯಾಕಪ್ ಹಚ್ಚಿದ ಫೋನುಗಳು 200 ಕೊಟ್ಟರೂ ತುಂಬಿಸುತ್ತವೆ, ಫೈಲ್ ಸಾಗಿಸುವ ಟಿಸಿಪಿ ಅನ್ನುವ ಪದ್ಧತಿಯ ಸ್ವಭಾವವೇ ಜಾಗ ಇದ್ದಷ್ಟೂ ಏರುವುದು. ಬೇಗ ಮುಗಿಯುತ್ತದೆ ಅಷ್ಟೇ. ಇದೆಲ್ಲ ಮಾಡಿದ ಮೇಲೂ ಐಕಾನ್ ದಿನವಿಡೀ ಕೆಂಪಿದ್ದು, ಕಾಲ್ ಸರಿ ಇದೆ ಆದರೆ ಫೈಲ್ ಬರುವುದು ತಡ ಅಂತ ಜನ ಬೈದರೆ ಆಗ ಹಾಕಿಸಿ. ಆಗಲೂ ಮಿತಿಯಲ್ಲಿ 200 ಬರೆಯಬೇಡಿ, ಅಳೆದು ಬರೆಯಿರಿ. ಹಳೆಯ ರೌಟರ್ ಆದರೆ ಅಷ್ಟು ವೇಗದ ಪಾಳಿ ನಡೆಸಲು ಅದರ ಸಿಪಿಯುಗೆ ತ್ರಾಣ ಇದೆಯಾ ಅಂತಲೂ ನೋಡಿ.

ನಿಮ್ಮ ಮಾಲೀಕರು ಸ್ಪೀಡ್ ಟೆಸ್ಟ್ ಮಾಡಿ "100ಕ್ಕೆ ರೊಕ್ಕ ಕೊಟ್ಟರೆ 90 ಯಾಕೆ ಬರ್ತದ?" ಅಂತ ಕೇಳೇ ಕೇಳ್ತಾರೆ. ನನ್ನ ಪಾರ್ಟ್ನರ್ ಕೇಳಿದ್ದ. ಅವನನ್ನು ಕೂರಿಸಿ, ಮಿತಿ ತೆಗೆದು ಒಮ್ಮೆ ಹಾಕಿ ಒಮ್ಮೆ ಪಿಂಗ್ ತೋರಿಸಿದೆ, 800 ಮತ್ತು 25. ಭಾಳ ಹೊತ್ತು ನೋಡಿದ. "ಎಲ್ಲಾ ಖರೇ, ಆದ್ರ ಆ ಹತ್ತು ಪರ್ಸೆಂಟ್ ಬಿಲ್ಲಿನ್ಯಾಗ ಕಡಿಮಿ ಮಾಡಸ್ತೀಯೇನು?" ಅಂದ.