ಆಂಟಿಬಯಾಟಿಕ್ ಮುಗಿದು ಎರಡು ತಿಂಗಳಾದರೂ ಗ್ಯಾಸ್, ಸಡಿಲ ಮಲ. 10 ಬಿಲಿಯನ್ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಕ್ಯಾಪ್ಸೂಲ್ ಬಿಟ್ಟು 50 ಬಿಲಿಯನ್ನಿಗೆ ಹೋಗಲೇ? (ಗೋಣಿಕೊಪ್ಪ)

ಬೇಡ. ಬಿಲ್ ಏರುತ್ತದೆ, ಹೊಟ್ಟೆ ಇದ್ದ ಹಾಗೇ ಇರುತ್ತದೆ.

ಹಲ್ಲಿನ ಸೋಂಕು, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯಾಟಿಕ್, ಎರಡನೇ ದಿನಕ್ಕೇ ಭೇದಿ, ಮೆಡಿಕಲ್ ಶಾಪ್‌ನವರು ಕೊಟ್ಟ ಲ್ಯಾಕ್ಟೋಬ್ಯಾಸಿಲಸ್ ಎಂಬ ಪ್ರೋಬಯಾಟಿಕ್ ಕ್ಯಾಪ್ಸೂಲ್: ನೀವು ಬರೆದದ್ದರಲ್ಲಿ ನನ್ನದಲ್ಲದ್ದು ಊರಿನ ಹೆಸರೊಂದೇ. ಮರೆಯಬಾರದೆಂದು ಎರಡನ್ನೂ ಒಂದೇ ಗುಟುಕಿಗೆ ನುಂಗುತ್ತಿದ್ದೆ ಅಂದಿರಲ್ಲ, ನನ್ನ ದುಡ್ಡು ನೀರುಪಾಲಾದದ್ದೂ ಅಲ್ಲೇ. ಪ್ಯಾಕೆಟ್ ಮೇಲೆ ಯಾರೂ ದಪ್ಪಕ್ಷರದಲ್ಲಿ ಹಾಕದ ವಿಷಯ ಇದು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕ್ಯಾಪ್ಸೂಲಿನಲ್ಲಿರುವುದು ಹೆಪ್ಪುಗಟ್ಟಿಸಿ ಒಣಗಿಸಿದ ಬ್ಯಾಕ್ಟೀರಿಯಾ. ಒಣಗಿದ್ದಷ್ಟು ದಿನ ಅದು ಬೆಳೆಯುವುದಿಲ್ಲ. ಹೊಟ್ಟೆಯೊಳಗಿನ ತೇವ ತಾಗಿದಾಗ ಎಚ್ಚೆತ್ತು ಒಂದು ಎರಡಾಗಲು ಹೊರಡುತ್ತದೆ. ಎರಡಾಗುವಾಗ ಹೊಸ ಕೋಶಭಿತ್ತಿ ಕಟ್ಟಿಕೊಳ್ಳಬೇಕು. ಅಮಾಕ್ಸಿಸಿಲಿನ್ ಕೆಲಸ ಆ ಭಿತ್ತಿ ಕಟ್ಟಲು ಬಿಡದಿರುವುದು. ಹಲ್ಲಿನ ಕೀವಿನ ಬ್ಯಾಕ್ಟೀರಿಯಾ, ನೀವು ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾ ಎಂಬ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ. ಒಟ್ಟಿಗೆ ನುಂಗಿದರೆ ಕರುಳಿನಲ್ಲಿ ಔಷಧಿ ಅತಿ ಹೆಚ್ಚಿರುವ ಹೊತ್ತಿಗೇ ಇವು ಕಣ್ಣು ಬಿಡುತ್ತವೆ. 10 ಬಿಲಿಯನ್ ಇದ್ದರೂ ಅಷ್ಟೇ, 50 ಇದ್ದರೂ ಅಷ್ಟೇ.

ಹಾಗಾಗಿ ಆಂಟಿಬಯಾಟಿಕ್ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಊಟ-ತಿಂಡಿಯ ಜೊತೆ ಇದ್ದರೆ, ಕ್ಯಾಪ್ಸೂಲ್ ಮಧ್ಯಾಹ್ನ 1ರ ಊಟಕ್ಕೆ. ಕನಿಷ್ಠ 2 ಗಂಟೆ ಅಂತರ ಅನ್ನುತ್ತಾರೆ. ಮಧ್ಯಾಹ್ನಕ್ಕೆ ಇಟ್ಟರೆ 5 ಗಂಟೆ ಸಿಗುತ್ತದೆ, ಗಡಿಯಾರ ನೋಡುತ್ತಾ ಕೂರುವ ಕೆಲಸ ತಪ್ಪುತ್ತದೆ. ಶುರು ಮಾಡುವುದಾದರೆ ಕೋರ್ಸಿನ ಮೊದಲ ಎರಡು ದಿನದೊಳಗೆ. ಭೇದಿ ಹಿಡಿದ ಮೇಲೆ ಓಡುವುದಲ್ಲ. ಆಂಟಿಬಯಾಟಿಕ್ ಅಜಿತ್ರೋಮೈಸಿನ್ ಆದರೆ ಈ ಅಂತರದ ಲೆಕ್ಕಕ್ಕೆ ಹೆಚ್ಚು ಅರ್ಥವಿಲ್ಲ, ಅದು ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಆಗ ಬ್ಯಾಕ್ಟೀರಿಯಾ ಬದಲು ಯೀಸ್ಟ್ ಒಳ್ಳೆಯದು: ಸ್ಯಾಕರೋಮೈಸಿಸ್ ಬೌಲಾರ್ಡಿ, ದೊಡ್ಡವರಿಗೆ ಸಾಮಾನ್ಯವಾಗಿ 250 ಮಿ.ಗ್ರಾಂ. ದಿನಕ್ಕೆ ಎರಡು ಸಲ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಯೀಸ್ಟನ್ನು ಮುಟ್ಟುವುದಿಲ್ಲ. ಆದರೆ ಫಂಗಸ್‌ಗೆಂದು ಫ್ಲುಕೊನಜೋಲ್ ನುಂಗುತ್ತಿದ್ದರೆ ಅದು ಈ ಯೀಸ್ಟನ್ನೂ ತಡೆಯುತ್ತದೆ. 5 ಮಿ.ಲೀ. ಪುಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುವ ಬ್ಯಾಸಿಲಸ್ ಕ್ಲಾಸಿ ಎಂಬ ಬ್ಯಾಕ್ಟೀರಿಯಾ ಬೀಜಕದ ರೂಪದಲ್ಲಿರುತ್ತದೆ, ಕುಲುಕಿ ಕುಡಿಯಬೇಕು. ಬೀಜಕಕ್ಕೆ ಗಟ್ಟಿ ಕವಚ, ಬಿಸಿಗೂ ಹೊಟ್ಟೆಯ ಆಮ್ಲಕ್ಕೂ ಜಗ್ಗುವುದಿಲ್ಲ. ಅದರಲ್ಲಿರುವುದು 2 ಬಿಲಿಯನ್ ಅಷ್ಟೇ! ಬೇರೆ ಬೇರೆ ಜೀವಿಗಳ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ತೂಗುವುದೇ ತಪ್ಪು.

ಲೇಬಲ್‌ನಲ್ಲಿ ಓದಬೇಕಾದ್ದು ಸಂಖ್ಯೆಗಿಂತ ಹೆಸರಿನ ಬಾಲ. 'ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ' ಎಂದಿದ್ದರೆ ಕೊನೆಯ ಆ 'ಜಿಜಿ' ಮುಖ್ಯ. ಪ್ರಯೋಗಗಳು ನಡೆದಿರುವುದು ಆ ನಿರ್ದಿಷ್ಟ ತಳಿಯ ಮೇಲೆ, ಕುಲದ ಎಲ್ಲರ ಮೇಲಲ್ಲ. ತಳಿಯ ಹೆಸರಿಲ್ಲದೆ ಹತ್ತು ಜಾತಿ ಬೆರೆಸಿದ ಡಬ್ಬಿಯನ್ನು ನಾನಂತೂ ಕೊಳ್ಳುವುದಿಲ್ಲ. ಬರೆದ ಲೆಕ್ಕ ತಯಾರಾದ ದಿನದ್ದೋ, ಎಕ್ಸ್‌ಪೈರಿ ದಿನದವರೆಗೆ ಖಾತ್ರಿ ಇರುವುದೋ ಅದನ್ನೂ ನೋಡಿ.

ನಮ್ಮ ಕೊಡಗಿನ ಕಡೆ ಇನ್ನೊಂದು ತೊಂದರೆ, ತೇವ. ಕಕ್ಕಡ ತಿಂಗಳ ಮಳೆಯಲ್ಲಿ ಒಲೆಯ ಪಕ್ಕ ಹಾಕಿದ ಬಟ್ಟೆಯೇ ಒಣಗುವುದಿಲ್ಲ. ಸ್ಟ್ರಿಪ್‌ನಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿಟ್ಟ ಕ್ಯಾಪ್ಸೂಲ್ ಒಣಗಿಯೇ ಇರುತ್ತದೆಯೇ? ತೇವ ಸ್ವಲ್ಪ ಸ್ವಲ್ಪ ಒಳಗಿಳಿದರೆ ಬ್ಯಾಕ್ಟೀರಿಯಾ ಅರ್ಧ ಎಚ್ಚರಾಗಿ, ತಿನ್ನಲು ಏನೂ ಸಿಗದೆ ಸಾಯುತ್ತದೆ. ನುಂಗುವ ಹೊತ್ತಿಗೇ ಸ್ಟ್ರಿಪ್ ಒಡೆಯಿರಿ. ಬಾಟಲಿಯದಾದರೆ ಒಳಗಿನ ಸಿಲಿಕಾ ಪೊಟ್ಟಣ ಬಿಸಾಡಬೇಡಿ. ಫ್ರಿಜ್‌ನಲ್ಲಿಡಿ ಎಂದು ಬರೆದಿದ್ದರೆ ಮಾತ್ರ ಫ್ರಿಜ್. ತಣ್ಣಗಿನ ಬಾಟಲಿಯನ್ನು ಮಳೆಗಾಲದ ಗಾಳಿಯಲ್ಲಿ ತೆರೆದರೆ ಒಳಗೆ ನೀರು ಬೆವರುತ್ತದೆ. ಸ್ಯಾಶೆಯನ್ನು ಬಿಸಿ ಬೆಲ್ಲದ ಕಾಫಿಗೆ ಸುರಿಯುವವರಿಗೆ ಏನು ಹೇಳಲಿ! 60 ಡಿಗ್ರಿ ದಾಟಿದ ನೀರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಹೆಚ್ಚು ಹೊತ್ತು ಬದುಕುವುದಿಲ್ಲ.

ಇದೆಲ್ಲ ಮುಂದಿನ ಸಲಕ್ಕೆ. ಈಗ ನಿಮ್ಮ ಕೋರ್ಸ್ ಮುಗಿದು ಎರಡು ತಿಂಗಳು. ನನ್ನ ಕೇಳಿದರೆ ಪ್ರೋಬಯಾಟಿಕ್ ನಿಲ್ಲಿಸಿಬಿಡಿ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು ನೋಡಿದಂತೆ, ಆಂಟಿಬಯಾಟಿಕ್ ಆದಮೇಲೆ 11 ತಳಿಗಳ ಮಿಶ್ರಣ ನುಂಗಿದವರಲ್ಲಿ ಅವರ ಸ್ವಂತ ಕರುಳಿನ ಬ್ಯಾಕ್ಟೀರಿಯಾ ಮರಳುವುದು ಏನೂ ನುಂಗದವರಿಗಿಂತ ತಡವಾಯಿತು. ಸಣ್ಣ ಅಧ್ಯಯನ, ನಿಜ. ಆದರೆ ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ಸಂಘ 2020ರ ಮಾರ್ಗಸೂಚಿಯಲ್ಲಿ ಐಬಿಎಸ್‌ಗೂ (ಹೊಟ್ಟೆನೋವು, ಭೇದಿ-ಮಲಬದ್ಧತೆ ಮರುಕಳಿಸುವ ಕರುಳಿನ ತೊಂದರೆ) ಪ್ರಯೋಗದ ಹೊರಗೆ ಪ್ರೋಬಯಾಟಿಕ್ ಸೂಚಿಸಲಿಲ್ಲ. ನಾಲ್ಕು ವಾರದಲ್ಲಿ ಫಲ ಕಾಣದ ಪ್ರೋಬಯಾಟಿಕ್ಕನ್ನು ಮುಂದುವರಿಸಲು ಕಾರಣವೇ ಇಲ್ಲ.

ಬದಲಿಗೆ ಹಾಲನ್ನು ಅನುಮಾನಿಸಿ. ಭೇದಿಯಲ್ಲಿ ಕರುಳಿನ ಒಳಪದರ ಸವೆದರೆ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಮ್ಮಿಯಾಗುತ್ತದೆ, ಸರಿಹೋಗಲು ವಾರಗಳು, ಕೆಲವರಿಗೆ ತಿಂಗಳು ಬೇಕು. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ, ನಿಮ್ಮ ಗ್ಯಾಸ್ ಅದೇ ಇರಬಹುದು. ಎರಡು ವಾರ ಹಾಲು ಪೂರ್ತಿ ಬಿಟ್ಟು ಬೆಲ್ಲದ ಕಪ್ಪು ಕಾಫಿ ಕುಡಿಯಿರಿ. ಮೊಸರು ಇರಲಿ, ಅದರ ಬ್ಯಾಕ್ಟೀರಿಯಾ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದಿರುತ್ತದೆ. ಆಮೇಲೆ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ 200 ಮಿ.ಲೀ. ಹಾಲು. ಕೆಲವು ಗಂಟೆಯೊಳಗೆ ಗುಡುಗುಡು, ಗ್ಯಾಸ್, ಭೇದಿ ಬಂದರೆ ಕಳ್ಳ ಬಹುತೇಕ ಸಿಕ್ಕ ಹಾಗೆ. ಆ ಎರಡು ವಾರ ಬೇರೆ ಏನನ್ನೂ ಬದಲಿಸಬೇಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ತಿಳಿಯುವುದಿಲ್ಲ. ಕಾಫಿಯೇ ಕರುಳನ್ನು ಓಡಿಸುವುದೂ ಉಂಟು. ಅದನ್ನು ಬಿಟ್ಟು ನೋಡುವುದು ಆಮೇಲೆ.

ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ ಕಾಚಂಪುಳಿಯೇ ನಮ್ಮ ಪ್ರೋಬಯಾಟಿಕ್ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲ. ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿದ್ದರಲ್ಲಿ ಜೀವಂತ ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು? ಪಂದಿ ಕರಿಗೆ ಹಾಕಿ, ಅದರ ಜಾಗ ಅಲ್ಲಿ.

ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರಿನಂತೆ ಹೋಗುವುದು, ಇವುಗಳಲ್ಲಿ ಒಂದಿದ್ದರೂ ಈ ಪ್ರಯೋಗ ಬಿಟ್ಟು ಡಾಕ್ಟರ ಹತ್ತಿರ ಹೋಗಿ, ಆಂಟಿಬಯಾಟಿಕ್ ಹೆಸರನ್ನೂ ಹೇಳಿ. ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಎಂಬ ಸೋಂಕು ಕೋರ್ಸ್ ಮುಗಿದು ವಾರಗಳಾದ ಮೇಲೂ ಬರುತ್ತದೆ. ಡಾಕ್ಟರನ್ನು ಕಾಣುವವರೆಗೆ ಭೇದಿ ಕಟ್ಟುವ ಲೋಪೆರಮೈಡ್ ನುಂಗಬೇಡಿ. ತೋಟದ ಬಾವಿ ನೀರನ್ನು ಕಾಯಿಸದೆ ಕುಡಿಯುತ್ತಿದ್ದರೆ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಇದೆಯೇ ಎಂದೂ ಮಲ ಪರೀಕ್ಷೆ ಮಾಡಿಸಿ. ಒಂದೇ ಮಾದರಿಯಲ್ಲಿ ಅದು ತಪ್ಪಿಸಿಕೊಳ್ಳಬಹುದು, ಬೇರೆ ಬೇರೆ ದಿನದ ಮೂರು ಕೊಡಿ, ತಾಜಾ ಇರುವಾಗಲೇ ಲ್ಯಾಬ್‌ಗೆ ತಲುಪಿಸಿ.