"ಒಂದು ಸಹಿ ಅಲ್ವಾ ಸಾರ್?"

ಗಂಡನನ್ನು ಮಂಗಳೂರಿನ ನನ್ನ ಆಪ್ತಸಲಹೆಯ ಕೋಣೆಗೆ ಕರೆದುಕೊಂಡು ಬಂದವರು ಹೆಂಡತಿ. ಉಡುಪಿ ಕಡೆಯ ಕುಟುಂಬ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗಂಡನನ್ನು ಇಲ್ಲಿ ಕ್ಯಾಪ್ಟನ್ ಅಂತಲೇ ಕರೆಯುತ್ತೇನೆ. ವಯಸ್ಸು 46. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಕೊಡುತ್ತಾರೆ. ತಿಂಗಳಿಗೆ ಎರಡು ಸಲ ಊರಿಗೆ ಬರುತ್ತಾರೆ.

"ಇವರು ಬಂದರೆ ನಾವೆಲ್ಲ ಪರೀಕ್ಷೆಗೆ ಕೂತ ಹಾಗೆ ಮೇಡಂ," ಅಂದರು ಹೆಂಡತಿ. "ನಾನು ಕಾರು ರಿವರ್ಸ್ ತೆಗೆದರೂ ಎಲ್ಲಿ ತಪ್ಪಿತು ಅಂತ ಕೂರಿಸಿ ಹೇಳ್ತಾರೆ. ಮಗ ಪಿಯುಸಿ. ಅವನ ಮಾರ್ಕ್ಸ್ ಕಾರ್ಡ್ ಹಿಡಿದು ಒಂದೂವರೆ ಗಂಟೆ! ಈಗ ಇವರು ಬರುವ ದಿನ ಅವನಿಗೆ ಟ್ಯೂಷನ್ ಉಂಟಂತೆ. ಎಂತ ಟ್ಯೂಷನ್, ಸುಮ್ನೆ ಸುಳ್ಳು."

ಕ್ಯಾಪ್ಟನ್ ನಕ್ಕರು. "ಡಿಬ್ರೀಫಿಂಗ್ ಅಭ್ಯಾಸ ಮೇಡಂ, ಅಷ್ಟೇ. ಪಾಳಿ ಮುಗಿದ ಮೇಲೆ ತಪ್ಪು ಒಪ್ಪು ಕೂತು ಹೇಳುವುದು." ಆಮೇಲೆ ದನಿ ತಗ್ಗಿಸಿ, "ನಾನಿಲ್ಲಿ ಬಂದದ್ದು ನನ್ನ ಮೆಡಿಕಲ್‌ಗೆ ತೊಂದರೆ ಆಗ್ತದಾ?" ಅಂತ ಕೇಳಿದರು.

ಈ ಭಯ ಸಣ್ಣದಲ್ಲ. ಮೆಡಿಕಲ್ ಅಂದರೆ ಹಾರಲು ಆರೋಗ್ಯ ಸರಿ ಇದೆ ಅನ್ನುವ ಪ್ರಮಾಣಪತ್ರ. ಅದು ಹೋದರೆ ಲೈಸೆನ್ಸ್ ಇದ್ದೂ ಉಪಯೋಗವಿಲ್ಲ. ಮಾತಾಡಲು ಬಂದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ, ಆದರೆ ಕಾಯಿಲೆ ಇದ್ದರೆ, ಮಾತ್ರೆ ಶುರುವಾದರೆ ಮುಚ್ಚಿಡಬೇಡಿ ಅಂದೆ. 2015ರಲ್ಲಿ ಆಲ್ಪ್ಸ್ ಬೆಟ್ಟದಲ್ಲಿ 150 ಜನ ಸತ್ತ ವಿಮಾನ ದುರಂತದಲ್ಲಿ ಸಹ ಪೈಲಟ್, ಕೆಲಸಕ್ಕೆ ಹೋಗಬೇಡ ಅಂತ ವೈದ್ಯರು ಬರೆದುಕೊಟ್ಟದ್ದನ್ನು ಕಂಪನಿಗೆ ತಿಳಿಸಿರಲಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಬರೀ ತಲೆಯಾಡಿಸಿದರು.

ಅವರ ಕೆಲಸ ನನಗೆ ಹೊಸದು. ಆರು ಕಾಲಿನ ಮೇಲೆ ಅಲುಗಾಡುವ ದೊಡ್ಡ ಪೆಟ್ಟಿಗೆ, ಒಳಗೆ ಥೇಟ್ ಕಾಕ್‌ಪಿಟ್. ಒಂದು ಪಾಳಿ ನಾಲ್ಕು ಗಂಟೆ, ಮೊದಲು ಬ್ರೀಫಿಂಗ್, ಕೊನೆಗೆ ಡಿಬ್ರೀಫಿಂಗ್. ಇಬ್ಬರು ಪೈಲಟ್‌ಗಳ ಬೆನ್ನ ಹಿಂದೆ ಇವರು. ಮುಂದಿರುವ ಪರದೆಯ ಮೇಲೆ ಬೆರಳಿಟ್ಟರೆ ಎಂಜಿನ್‌ಗೆ ಬೆಂಕಿ ಬೀಳುತ್ತದೆ, ಮಂಜು ಕವಿಯುತ್ತದೆ. ಇಡೀ ದಿನ ಬೇರೆಯವರಿಗೆ ಕಷ್ಟ ಕೊಡುವ ಉದ್ಯೋಗ ಅಂತ ಅವರೇ ತಮಾಷೆ ಮಾಡಿದರು. ಯಂತ್ರ ಬಹಳ ದುಬಾರಿ. ಹಾಗಾಗಿ ಅದಕ್ಕೆ ರಾತ್ರಿಯೂ ಬಿಡುವಿಲ್ಲ, ಇವರಿಗೂ ಇಲ್ಲ.

ರಾತ್ರಿ ಪಾಳಿ ಅಂದ ಕೂಡಲೇ ನಾನು ಅದನ್ನೇ ಹಿಡಿದುಕೊಂಡೆ. ಇದು ನನ್ನ ತಪ್ಪು. ಎರಡು ಭೇಟಿ ನಿದ್ದೆಯ ವಿಷಯದಲ್ಲೇ ಕಳೆಯಿತು. ಪಾಳಿ ಮುಗಿಸಿ ನೇರ ಊರಿನ ಬಸ್ ಹತ್ತಬೇಡಿ, ಮಲಗಿ ಬನ್ನಿ. ಪಾಳಿಯ ಕೊನೆಯ ಹೊತ್ತಿನಲ್ಲಿ ಕಾಫಿ ಬೇಡ. ವಿಮಾನಯಾನದ ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಮುಟ್ಟಬೇಡಿ. ಎಲ್ಲವನ್ನೂ ಪಾಲಿಸಿದರು. ಆದರೂ ಮೂರು ಗಂಟೆಗೆ ಎಚ್ಚರ. ಮನೆಯ ಡಿಬ್ರೀಫಿಂಗೂ ನಿಲ್ಲಲಿಲ್ಲ.

ಮೂರನೇ ಸಲ ಒಬ್ಬರೇ ಬಂದರು. "ಮೂರು ಗಂಟೆಗೆ ಯಾರ ನೆನಪಾಗ್ತದೆ?" ಅಂತ ಕೇಳಿದೆ.

ಮಲೆನಾಡಿನ ಒಬ್ಬ ಹುಡುಗನ ಅಪ್ಪನ ನೆನಪು.

ಹುಡುಗ 200 ಗಂಟೆ ಹಾರಿ ಕಮರ್ಷಿಯಲ್ ಲೈಸೆನ್ಸ್ ಪಡೆದವನು. ಅಪ್ಪ ಅಡಿಕೆ ತೋಟ ಅಡವಿಟ್ಟು ಓದಿಸಿದ್ದರು. ಹುಡುಗನಿಗೆ ಒಂದೇ ತೊಂದರೆ. ಇಳಿಯುವಾಗ ಸಾವಿರ ಅಡಿಗೆ ಬರುವ ಹೊತ್ತಿಗೆ ವೇಗ, ದಿಕ್ಕು, ಇಳಿಯುವ ದರ ಎಲ್ಲ ಒಂದು ಹದಕ್ಕೆ ಬಂದಿರಬೇಕು ಅಂತ ಅವರ ಕಂಪನಿಯ ನಿಯಮ. ಬಾರದಿದ್ದರೆ ಇಳಿಯುವ ಆಸೆ ಬಿಟ್ಟು ಮತ್ತೆ ಮೇಲೇರಬೇಕು. ಗೋ-ಅರೌಂಡ್. ಇವನು ಏರುತ್ತಿರಲಿಲ್ಲ. ಸರಿಮಾಡಿಕೊಳ್ಳುತ್ತೇನೆ ಅಂತ ಕೊನೆಯವರೆಗೂ ಇಳಿಯುತ್ತಲೇ ಇರುತ್ತಿದ್ದ. ಹೆಚ್ಚುವರಿ ತರಬೇತಿ ಕೊಟ್ಟರು. ಮತ್ತೆ ಅದೇ. ಕ್ಯಾಪ್ಟನ್ 'ತೃಪ್ತಿಕರವಲ್ಲ' ಅಂತ ಬರೆದರು. ಹುಡುಗನ ಕೆಲಸ ಹೋಯಿತು.

ಅಪ್ಪ ಹೇಗೋ ನಂಬರ್ ಹುಡುಕಿ ಫೋನ್ ಮಾಡಿದ್ದರು. ಬೈಯಲಿಲ್ಲ. "ಒಂದು ಸಹಿ ಅಲ್ವಾ ಸಾರ್?" ಅಂದರಂತೆ.

ಇದನ್ನು ಹೇಳಿ ಕ್ಯಾಪ್ಟನ್ ಕಿಟಕಿ ಕಡೆ ನೋಡಿದರು. ಬಜ್ಪೆಯ ನಮ್ಮ ವಿಮಾನ ನಿಲ್ದಾಣದ ಗುಡ್ಡದ ತುದಿ, ಅದರಾಚೆಯ ಕಣಿವೆ ಈ ಊರಿನ ಯಾರಿಗೆ ಮರೆಯುತ್ತದೆ? 2010ರ ಮೇ 22ರಂದು ಅಲ್ಲಿ ವಿಮಾನ ಬಿದ್ದು 158 ಜನ ಹೋದರು, ಉಳಿದವರು 8. ಹದಕ್ಕೆ ಬಾರದ ವಿಮಾನವನ್ನು ಹಾಗೇ ಇಳಿಸಿದ್ದು, ಮೇಲೇರೋಣ ಅಂತ ಸಹ ಪೈಲಟ್ ಹೇಳಿದರೂ ಕೇಳದೆ ಇದ್ದದ್ದು ಕಾರಣ ಅಂತ ತನಿಖೆ ಹೇಳಿತು. ಕ್ಯಾಪ್ಟನ್ ಪ್ರತಿ ಬ್ಯಾಚಿಗೂ ಇದನ್ನು ಪಾಠ ಮಾಡುತ್ತಾರೆ. "ನಾನು ಬರೆದದ್ದು ಸರಿ ಮೇಡಂ. ನೂರು ಸಲ ಕೇಳಿದರೂ ಸರಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಕಳೆದ ತಿಂಗಳು ಇನ್ನೊಬ್ಬನಿಗೆ ಹಾಗೆ ಬರೆಯಲು ಕೈ ಬರಲಿಲ್ಲ."

ಗಂಟು ಇದ್ದದ್ದು ಇಲ್ಲಿ. ಅರೆಬರೆ ಮಾಡಿದವನನ್ನು ಪಾಸ್ ಮಾಡಿದ್ದರು. ಅಲ್ಲಿ ಬಾಯಿ ಕಟ್ಟಿಹೋಗಿತ್ತು. ಅಲ್ಲಿ ಹೇಳಲಾಗದ್ದೆಲ್ಲ ಊರಿಗೆ ಬಂದು ಹೆಂಡತಿಯ ರಿವರ್ಸ್ ಮೇಲೆ, ಮಗನ ಮಾರ್ಕ್ಸ್ ಮೇಲೆ. ಮನೆಯಲ್ಲಿ ಫೇಲ್ ಮಾಡಿದರೆ ಯಾರ ತೋಟವೂ ಹೋಗುವುದಿಲ್ಲ ಅಲ್ವಾ?

ಇಲ್ಲಿ ನನಗೂ ಕಷ್ಟ. ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಬೇರೆಯವರ ಜೀವಕ್ಕೆ ಅಪಾಯ ಇದ್ದರೆ ಆ ಮಾತಿಗೆ ಮಿತಿ ಇದೆ ಅಂತಲೂ ಹೇಳಿದ್ದೆ. ಅದನ್ನು ಈಗ ನೆನಪಿಸಿದೆ. "ಈ ವಾರವೇ ತರಬೇತಿ ಮುಖ್ಯಸ್ಥರ ಹತ್ತಿರ ಹೋಗಿ. ನೀವು ಪಾಸ್ ಮಾಡಿದ ಆ ಹುಡುಗನನ್ನು ಇನ್ನೊಬ್ಬರು ಮತ್ತೆ ನೋಡಲಿ ಅನ್ನಿ. ಯಾಕೆ ಅಂತಲೂ ಹೇಳಿ." ಅವರ ಮುಖ ಬಿಗಿಯಿತು. ಆದರೆ ನಾಲ್ಕನೇ ದಿನ ಮೆಸೇಜ್ ಬಂತು: "ಹೇಳಿದೆ." ಆ ಹುಡುಗ ಎರಡು ಪಾಳಿ ಹೆಚ್ಚುವರಿ ತರಬೇತಿ ಪಡೆದು, ಬೇರೆ ತರಬೇತುದಾರರ ಕೈಯಲ್ಲಿ ಪಾಸಾದನಂತೆ. ಕೆಲಸ ಬಿಡಿಸುವ ಸಂಭವ ಇರುವ ತೀರ್ಮಾನವನ್ನು ಇಬ್ಬರು ಕೂತು ನೋಡುವ ಹಾಗೆ ಆಗಲಿ ಅಂತ ಕ್ಯಾಪ್ಟನ್ ಕೇಳಿಕೊಂಡಿದ್ದಾರೆ. ಸಹೋದ್ಯೋಗಿಗಳ ನೆರವಿನ ಗುಂಪೊಂದು ಅವರಲ್ಲಿದೆ. ಅದಕ್ಕೂ ಒಮ್ಮೆ ಹೋಗಿ ಬಂದರು.

ಮಲೆನಾಡಿನ ಆ ಅಪ್ಪನ ತೋಟದ ಸಾಲಕ್ಕೆ ಗುಟ್ಟಾಗಿ ದುಡ್ಡು ಕಳಿಸಲೇ ಅಂತ ಕೇಳಿದರು. ಈಗ ಬೇಡ ಅಂದೆ. ದುಡ್ಡು ಕೊಟ್ಟರೆ ಬರೆದದ್ದು ತಪ್ಪು ಅಂತ ತಾವೇ ಒಪ್ಪಿದ ಹಾಗೆ ಅನಿಸುತ್ತದೆ. ಆ ಅಪ್ಪನಿಗೂ ಹಾಗೇ ಕಾಣಬಹುದು. ಕಂಪನಿ ಬೇಡ ಅನ್ನದಿದ್ದರೆ ಅವರ ಮಗನ ಹತ್ತಿರ ಮಾತಾಡಿ. ನೆಲದಲ್ಲಿದ್ದು ವಿಮಾನದ ಹಾರಾಟದ ಯೋಜನೆ ನೋಡಿಕೊಳ್ಳುವ ಡಿಸ್ಪ್ಯಾಚರ್ ಕೆಲಸದ ದಾರಿ ತೋರಿಸಬಹುದು. ಅಪರಾಧಿ ಭಾವ ಮತ್ತು ಕನಿಕರ ಎರಡನ್ನೂ ಒಂದೇ ಅಂದುಕೊಂಡು ಅವರು ತಿಂಗಳುಗಟ್ಟಲೆ ನವೆದಿದ್ದಾರೆ. ಕನಿಕರ ಇರಲಿ, ಅದನ್ನು ತೆಗೆಯುವ ಔಷಧ ನನ್ನ ಹತ್ತಿರ ಇಲ್ಲ ಅಂದೆ.

ಮನೆಗೆ ನಿಯಮ ಮಾಡಿದ್ದು ನಾನಲ್ಲ, ಹೆಂಡತಿ. ಊರಿಗೆ ಬಂದವರು ಊಟ ಆಗುವವರೆಗೆ ಯಾವುದಕ್ಕೂ ಅಭಿಪ್ರಾಯ ಕೊಡುವ ಹಾಗಿಲ್ಲ. ಆಮೇಲೂ "ಹೇಳಲಾ?" ಅಂತ ಕೇಳಿಯೇ ಹೇಳಬೇಕು. ಮಗ "ಬೇಡ" ಅಂದರೆ ಬೇಡ. ನನಗೆ ಇದು ತುಂಬಾ ಹಿಡಿಸಿತು.

ಕೊನೆಯ ಭೇಟಿಗೆ ಇಬ್ಬರೂ ಬಂದಿದ್ದರು. ಹಿಂದಿನ ದಿನ ಹೆಂಡತಿ ರಿವರ್ಸ್ ತೆಗೆಯುವಾಗ ಕಾರು ತುಳಸಿಕಟ್ಟೆಗೆ ತಾಗಿತ್ತಂತೆ. "ನೀವೇನು ಅಂದಿರಿ?" ಅಂತ ಕ್ಯಾಪ್ಟನ್‌ರನ್ನು ಕೇಳಿದೆ.

"ಆಗ ಗಂಟೆ ಹನ್ನೊಂದು ಮೇಡಂ. ಊಟ ಒಂದೂವರೆಗೆ."